ಬಾಲದಲ್ಲಿರುವ ಕೊಂಡಿಯನ್ನು ತಲೆಗೆ ತನ್ನಿ: ಇಂಗ್ಲಿಷ್‌ನಲ್ಲಿ ವಾಕ್ಯ ಜೋಡಿಸೋದು ಹೇಗೆ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಇಂಗ್ಲಿಷ್ ಪತ್ರ ಟೈಪ್ ಮಾಡಿಕೊಡೋದು, ಇಷ್ಟೇ ಕೆಲಸ. ದ್ರಾಕ್ಷಿ ಬೆಳೆಗಾರರು ವಿಮೆಯ ಪತ್ರ ತರುತ್ತಾರೆ. ಇಂಡಿ ಕಡೆಯ ನಿಂಬೆ ವ್ಯಾಪಾರಿಗಳು ಹೈದರಾಬಾದಿಗೆ ಕಳಿಸೋ ಮೇಲ್ ಬರೆಸುತ್ತಾರೆ. ಕಾಲೇಜು ಹುಡುಗರು ಇಂಟರ್ನ್‌ಶಿಪ್ ಅರ್ಜಿ ಹಿಡಿದುಕೊಂಡು ಬರುತ್ತಾರೆ. ಬಿಎದಲ್ಲಿ ಇಂಗ್ಲಿಷ್ ಓದಿದವಳು ಅಂತ ಗೊತ್ತಿರೋದರಿಂದ "ಅಕ್ಕಾರ, ಒಂದ್ಸಲ ನೋಡ್ರಿ" ಅನ್ನೋದು ಇದ್ದೇ ಇರುತ್ತದೆ.

ಇಷ್ಟು ಪತ್ರ ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ನಮ್ಮವರ ಸ್ಪೆಲಿಂಗ್ ತಪ್ಪನ್ನು ಕಂಪ್ಯೂಟರೇ ಕೆಂಪು ಗೆರೆ ಎಳೆದು ತೋರಿಸುತ್ತದೆ. ಒಂಟಿ ವಾಕ್ಯಗಳು ಬಹಳ ಸಲ ಸರಿಯಾಗೇ ಇರುತ್ತವೆ. ಎಡವೋದು ಎರಡು ವಾಕ್ಯ ಕೂಡೋ ಜಾಗದಲ್ಲಿ.

ಮೊನ್ನೆ ತಿಕೋಟಾ ಕಡೆಯ ಹುಡುಗನೊಬ್ಬ ಅಪ್ಪನ ಪರವಾಗಿ ವಿಮೆಯವರಿಗೆ ಬರೆದ ಪತ್ರ ತಂದಿದ್ದ. ನೋಟ್‌ಬುಕ್ ಹಾಳೆ, ಅಂದವಾದ ಅಕ್ಷರ. ಅದರಲ್ಲಿ ಹೀಗಿತ್ತು. ಇಂಗ್ಲಿಷ್ ಸಾಲುಗಳನ್ನು ಬಾಯಲ್ಲಿ ಹೇಳಿಕೊಂಡೇ ಓದಿ, ಕಿವಿಗೆ ಬಿದ್ದರೆ ತಪ್ಪು ಬೇಗ ಸಿಗುತ್ತದೆ.

"ಆಲ್ದೋ ಹೆವಿ ರೇನ್ ಕೇಮ್ ಬಟ್ ವಿ ಕವರ್ಡ್ ದ ಗ್ರೇಪ್ಸ್. ಬಿಕಾಸ್ ದ ರೇಸಿನ್ ಶೆಡ್ ವಾಸ್ ವೆಟ್ ಸೋ ಫುಲ್ ಲಾಸ್ ಹ್ಯಾಪನ್ಡ್. ಅನ್‌ಟಿಲ್ ಕರೆಂಟ್ ಡಿಡ್ ನಾಟ್ ಕಮ್ ವಿ ಕುಡ್ ನಾಟ್ ಕಾಲ್ ಯುವರ್ ಆಫೀಸ್. ಮೈ ಫಾದರ್ ಸೆಡ್ ದ್ಯಾಟ್ ಐ ವಿಲ್ ನಾಟ್ ಕ್ಲೀನ್ ದ ಶೆಡ್ ಬಿಫೋರ್ ಯು ಕಮ್."

ನಾನು ಪೆನ್ನು ತಗೊಂಡಿದ್ದೇ ತಡ, "ಯಾಕ್ರಿ ಅಕ್ಕಾರ, ಶಬ್ದ ಎಲ್ಲಾ ಬರೋಬರಿ ಅದಾವಲ್ರಿ?" ಅಂದ. ಅವನು ಹೇಳಿದ್ದು ಖರೆ. ಶಬ್ದ ಎಲ್ಲ ಬರೋಬರಿ ಇದ್ದವು. ಆದರೆ ನಾಲ್ಕು ವಾಕ್ಯದಲ್ಲಿ ನಾಲ್ಕು ಕೊಂಡಿ, ನಾಲ್ಕೂ ಸಡಿಲ. ಆ ಪತ್ರವನ್ನು ಕೊನೆಗೆ ಸರಿಮಾಡೋಣ. ಅದಕ್ಕೆ ಮೊದಲು ಆವತ್ತು ಅವನಿಗೆ ಅರ್ಧ ಗಂಟೆ ಕೂರಿಸಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಕನ್ನಡದ ಬಾಲ ಹುಡುಕಿ

ಕನ್ನಡದಲ್ಲಿ ವಾಕ್ಯ ಜೋಡಿಸೋ ಕೆಲಸವನ್ನು ಹೆಚ್ಚಾಗಿ ಕ್ರಿಯಾಪದದ ಬಾಲವೇ ಮಾಡುತ್ತದೆ. "ಮಳೆ ಬಂತು" ಅನ್ನೋದನ್ನೇ ತಗೊಳ್ಳಿ. ಮಳೆ ಬಂದು, ಮಳೆ ಬಂದರೆ, ಮಳೆ ಬಂದರೂ, ಮಳೆ ಬಂದಾಗ, ಮಳೆ ಬಂದಿದ್ದರಿಂದ, ಮಳೆ ಬರೋವರೆಗೆ, ಮಳೆ ಬರದಿದ್ದರೆ, ಮಳೆ ಬರಲಿ ಅಂತ. ಒಂದೇ ಕ್ರಿಯಾಪದ, ಎಂಟು ಬಾಲ. ಬೇರೆ ಪದವೇ ಬೇಕಿಲ್ಲ. ಚಿಕ್ಕಂದಿನಿಂದ ಬಾಯಿಗೆ ಬಂದದ್ದರಿಂದ ಇದು ಕೊಂಡಿ ಅಂತಲೂ ನಮಗೆ ಅನಿಸೋದಿಲ್ಲ.

ಇಂಗ್ಲಿಷ್‌ನಲ್ಲಿ ಈ ಬಾಲಗಳಿಲ್ಲ. ಅಲ್ಲಿ ಕೊಂಡಿ ಬಿಡಿ ಪದವಾಗಿ, ತನ್ನ ತುಂಡಿನ ತಲೆಯ ಮೇಲೆ ಕೂರುತ್ತದೆ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಮುಕ್ಕಾಲು ತಪ್ಪು ತಾನಾಗೇ ಹೋಗುತ್ತದೆ ಅಂತ ನನ್ನ ಅನುಭವ.

ಹಾಗಾಗಿ ಮೊದಲ ಹೆಜ್ಜೆ ಇಂಗ್ಲಿಷ್‌ನದ್ದೇ ಅಲ್ಲ. ಹೇಳಬೇಕಾದ್ದನ್ನು ಕನ್ನಡದಲ್ಲಿ ಒಂದು ಸಲ ಅಂದುಕೊಳ್ಳಿ: "ಜ್ವರ ಬಂದಿದ್ದರಿಂದ ನಾನು ಕಾಲೇಜಿಗೆ ಬರಲಿಲ್ಲ."

ಎರಡನೇ ಹೆಜ್ಜೆ, ಬಾಲಕ್ಕೆ ಗೆರೆ ಎಳೆಯಿರಿ. ಇಲ್ಲಿ ಅದು "-ದ್ದರಿಂದ".

ಮೂರನೇ ಹೆಜ್ಜೆ, ಬಾಲ ಕತ್ತರಿಸಿ. ಎರಡು ಪೂರ್ತಿ ವಾಕ್ಯ ಉಳಿಯುತ್ತವೆ: "ಜ್ವರ ಬಂತು. ನಾನು ಕಾಲೇಜಿಗೆ ಬರಲಿಲ್ಲ." ಇವೆರಡನ್ನೂ ಬೇರೆ ಬೇರೆ ಇಂಗ್ಲಿಷ್ ಮಾಡಿ: "ಐ ಹ್ಯಾಡ್ ಫೀವರ್. ಐ ಡಿಡ್ ನಾಟ್ ಕಮ್ ಟು ಕಾಲೇಜ್."

ನಾಲ್ಕನೇ ಹೆಜ್ಜೆ, ಬಾಲದ ಬದಲಿಗೆ ಇಂಗ್ಲಿಷ್ ಪದ ಆರಿಸಿ. ಕಾರಣ ಹೇಳೋದರಿಂದ ಇಲ್ಲಿ ಬಿಕಾಸ್.

ಐದನೇ ಹೆಜ್ಜೆಯೇ ಮುಖ್ಯ. ಬಾಲ ಯಾವ ತುಂಡಿಗೆ ಅಂಟಿತ್ತೋ ಅದೇ ತುಂಡಿನ ತಲೆಗೆ ಆ ಪದ ಇಡಿ. ಬಾಲ ಇದ್ದದ್ದು ಜ್ವರದ ತುಂಡಿಗೆ. ಆದ್ದರಿಂದ "ಬಿಕಾಸ್ ಐ ಹ್ಯಾಡ್ ಫೀವರ್, ಐ ಡಿಡ್ ನಾಟ್ ಕಮ್ ಟು ಕಾಲೇಜ್." ಬೇಕಾದರೆ ತುಂಡುಗಳನ್ನು ಅದಲುಬದಲು ಮಾಡಿ: "ಐ ಡಿಡ್ ನಾಟ್ ಕಮ್ ಟು ಕಾಲೇಜ್ ಬಿಕಾಸ್ ಐ ಹ್ಯಾಡ್ ಫೀವರ್." ಎರಡೂ ಸರಿ, ಯಾಕಂದರೆ ಎರಡರಲ್ಲೂ ಬಿಕಾಸ್ ಜ್ವರವನ್ನು ಬಿಟ್ಟು ಹೋಗಿಲ್ಲ.

ಈ ಐದನೇ ಹೆಜ್ಜೆ ತಪ್ಪಿದರೆ ಏನಾಗುತ್ತದೆ ನೋಡಿ. ಕನ್ನಡ ವಾಕ್ಯದಲ್ಲಿ "-ದ್ದರಿಂದ" ನಡುವೆ ಬರುತ್ತದೆ, ಅಲ್ವಾ? ಅದೇ ಲೆಕ್ಕದಲ್ಲಿ ಹುಡುಗರು ಬಿಕಾಸನ್ನೂ ನಡುವೆಯೇ ಇಳಿಸುತ್ತಾರೆ: "ಐ ಹ್ಯಾಡ್ ಫೀವರ್ ಬಿಕಾಸ್ ಐ ಡಿಡ್ ನಾಟ್ ಕಮ್ ಟು ಕಾಲೇಜ್." ಓದಿದರೆ ವ್ಯಾಕರಣ ಸರಿ ಇದೆ. ಅರ್ಥ ಮಾತ್ರ ಉಲ್ಟಾ. ಕಾಲೇಜಿಗೆ ಬರದೇ ಇದ್ದದ್ದಕ್ಕೇ ಜ್ವರ ಬಂತು ಅಂದಂತಾಯಿತು. ಇಂಥ ರಜಾ ಅರ್ಜಿ ಓದಿದ ಪ್ರಿನ್ಸಿಪಾಲರು ಸಹಿ ಮಾಡುವಾಗ ನಕ್ಕಿರಲೂಬಹುದು.

ಯಾವ ಬಾಲಕ್ಕೆ ಯಾವ ಪದ

"-ರೂ" ಬಾಲಕ್ಕೆ ಆಲ್ದೋ ಅಥವಾ ಈವನ್ ದೋ. "-ರೆ" ಬಾಲಕ್ಕೆ ಇಫ್. "-ಆಗ" ಇದ್ದರೆ ವೆನ್. "-ವರೆಗೆ", "-ತನಕ" ಇದ್ದರೆ ಅನ್‌ಟಿಲ್. "-ದ್ದರಿಂದ"ಕ್ಕೆ ಬಿಕಾಸ್, ಸಿನ್ಸ್ ಅಥವಾ ಆ್ಯಸ್. ಈ ಮೂರರಲ್ಲಿ ಬಿಕಾಸ್ ಒಂದನ್ನೇ ಹಿಡಿದುಕೊಳ್ಳಿ. ಸಿನ್ಸ್‌ಗೆ "ಅಂದಿನಿಂದ" ಅನ್ನೋ ಅರ್ಥವೂ ಇದೆ, ಆ್ಯಸ್‌ಗೆ "ಆಗ" ಅನ್ನೋದೂ ಇದೆ, ಸುಮ್ನೆ ಗೊಂದಲ. "-ಲಿ ಅಂತ" ಇದ್ದರೆ ಸೋ ದ್ಯಾಟ್.

ಈ ಸೋ ದ್ಯಾಟ್ ಮತ್ತು ಬರೀ ಸೋ ಬೇರೆ ಬೇರೆ. "ದ್ರಾಕ್ಷಿ ಒದ್ದೆ ಆಗದಿರಲಿ ಅಂತ ಹಾಳೆ ಹೊದಿಸಿದೆವು" ಅನ್ನುವಾಗ ಉದ್ದೇಶ ಹೇಳುತ್ತಿದ್ದೇವೆ: "ವಿ ಕವರ್ಡ್ ದ ಗ್ರೇಪ್ಸ್ ಸೋ ದ್ಯಾಟ್ ದೇ ವುಡ್ ನಾಟ್ ಗೆಟ್ ವೆಟ್." "ಹಾಳೆ ಹೊದಿಸಿದೆವು, ಹಂಗಾಗಿ ದ್ರಾಕ್ಷಿ ಉಳಿಯಿತು" ಅಂದರೆ ಫಲ ಹೇಳಿದಂತೆ: "ವಿ ಕವರ್ಡ್ ದ ಗ್ರೇಪ್ಸ್, ಸೋ ದೇ ವರ್ ಸೇವ್ಡ್." ನಮ್ಮ ಕಡೆಯ ಮಾತಿನ "ಹಂಗಾಗಿ" ಅಥವಾ "ಅದಕ್ಕ" ಎಲ್ಲಿ ಕೂರುತ್ತದೋ ಅಲ್ಲಿ ಬರೀ ಸೋ ಕೂರುತ್ತದೆ ಅಂತ ನೆನಪಿಡಿ.

ಒಂದು ಕೀಲಿಗೆ ಒಂದೇ ಕೊಂಡಿ

ತಿಕೋಟಾದ ಹುಡುಗನ ಮೊದಲ ಎರಡು ವಾಕ್ಯದ ರೋಗ ಒಂದೇ. ಆಲ್ದೋ ಹಾಕಿದ ಮೇಲೂ ಬಟ್ ಹಾಕಿದ್ದ. ಬಿಕಾಸ್ ಹಾಕಿದ ಮೇಲೂ ಸೋ ಹಾಕಿದ್ದ. ಬಾಗಿಲಿಗೆ ಒಳಗಿಂದಲೂ ಚಿಲಕ, ಹೊರಗಿಂದಲೂ ಚಿಲಕ.

ಇದು ಬಂದಿದ್ದು ನಮ್ಮ ಮಾತಿನಿಂದ. "ಯಾಕಂದ್ರ ಬಸ್ ಇರಲಿಲ್ರಿ, ಅದಕ್ಕ ತಡಾ ಆತು" ಅನ್ನೋದು ನಮಗೆ ಸಹಜ. ಕಾರಣದ ಕಡೆಗೂ ಒಂದು ಪದ, ಫಲದ ಕಡೆಗೂ ಒಂದು ಪದ. ಇಂಗ್ಲಿಷ್‌ನಲ್ಲಿ ಒಂದು ಸಾಕು. "ಬಿಕಾಸ್ ದೇರ್ ವಾಸ್ ನೋ ಬಸ್, ಐ ವಾಸ್ ಲೇಟ್" ಅನ್ನಿ. ಇಲ್ಲವೇ "ದೇರ್ ವಾಸ್ ನೋ ಬಸ್, ಸೋ ಐ ವಾಸ್ ಲೇಟ್" ಅನ್ನಿ. ಎರಡೂ ಬೇಡ.

ಆಲ್ದೋಗೆ ನಮ್ಮ ಊರಿನ ಹೆಸರೇ ಒಳ್ಳೇ ಉದಾಹರಣೆ. ಬಿಜಾಪುರ 2014ರ ನವೆಂಬರ್‌ನಲ್ಲಿ ಅಧಿಕೃತವಾಗಿ ವಿಜಯಪುರ ಆಯಿತು. ಆದರೂ ಇವತ್ತಿಗೂ ಜಾಸ್ತಿ ಜನರ ಬಾಯಲ್ಲಿ ಬಿಜಾಪುರವೇ. "ಆಲ್ದೋ ದ ಸಿಟಿ ವಾಸ್ ರೀನೇಮ್ಡ್ ವಿಜಯಪುರ ಇನ್ 2014, ಮೆನಿ ಪೀಪಲ್ ಸ್ಟಿಲ್ ಕಾಲ್ ಇಟ್ ಬಿಜಾಪುರ್." ಇಲ್ಲಿ ಬಟ್ ಬೇಕು ಅನಿಸಿದರೆ ಆಲ್ದೋ ಕಿತ್ತುಹಾಕಿ: "ದ ಸಿಟಿ ವಾಸ್ ರೀನೇಮ್ಡ್ ವಿಜಯಪುರ ಇನ್ 2014, ಬಟ್ ಮೆನಿ ಪೀಪಲ್ ಸ್ಟಿಲ್ ಕಾಲ್ ಇಟ್ ಬಿಜಾಪುರ್."

ನಡುವೆ ಒಂದು ಮಾತು. ಹಳೇ ಗ್ರಾಮರ್ ಪುಸ್ತಕಗಳಲ್ಲಿ ದೋ ಮುಂದೆ ಯೆಟ್ ಬರೋ ಜೋಡಿ ಸಿಗುತ್ತದೆ. ಅದನ್ನು ಹಿಡಿದುಕೊಂಡು ನನ್ನ ಹತ್ತಿರ ವಾದಕ್ಕೆ ಬಂದ ನಿವೃತ್ತ ಮಾಸ್ತರರೊಬ್ಬರಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಹಳೇ ಶೈಲಿಯಲ್ಲಿ ಅದು ನಡೆಯುತ್ತಿತ್ತು. ಈಗಿನ ಪತ್ರಕ್ಕೆ ಬೇಡ. ಆಲ್ದೋ ಜೊತೆ ಬಟ್ ಮಾತ್ರ ಆವತ್ತೂ ತಪ್ಪು, ಇವತ್ತೂ ತಪ್ಪು.

ಜೋಡಿಯಾಗೇ ಬರಬೇಕಾದವು ಕೆಲವಿವೆ: ಐದರ್ ಜೊತೆ ಆರ್, ನೈದರ್ ಜೊತೆ ನಾರ್, ಬೋತ್ ಜೊತೆ ಆ್ಯಂಡ್, ನಾಟ್ ಓನ್ಲಿ ಜೊತೆ ಬಟ್ ಆಲ್ಸೋ. ಇವು ಹುಟ್ಟಾ ಜೋಡಿ, ಬಿಡಿಸಬೇಡಿ.

ಆ್ಯಂಡ್: ಸುಲಭ ಅನ್ಕೊಂಡೇ ಮೋಸ ಹೋಗೋದು

"ಬೆಳಿಗ್ಗೆ ಎದ್ದು, ಮುಖ ತೊಳೆದು, ಚಹಾ ಕುಡಿದು, ಬಸ್ ಹತ್ತಿ ಸೊಲ್ಲಾಪುರಕ್ಕೆ ಹೋದೆ." ಎಷ್ಟು ಚೆಂದ ಹರಿಯುತ್ತದೆ ನೋಡಿ. ಇದರಲ್ಲಿ ಕಾಲ ತೋರಿಸೋದು ಕೊನೆಯ "ಹೋದೆ" ಒಂದೇ. ಉಳಿದ ಎದ್ದು, ತೊಳೆದು, ಕುಡಿದು, ಹತ್ತಿ ಎಲ್ಲ ಅದರ ಬೆನ್ನಿಗೆ ಬಿದ್ದಿವೆ. ನಾಳೆಯ ಮಾತಾಗಿದ್ದರೂ ಎದ್ದು, ತೊಳೆದು ಬದಲಾಗುವುದಿಲ್ಲ, "ಹೋಗುತ್ತೇನೆ" ಅಂತ ಕೊನೆಯದೊಂದೇ ಬದಲಾಗುತ್ತದೆ.

ಈ ರೂಢಿಯಿಂದ ಬರೆದಾಗ ಏನಾಗುತ್ತದೆ ಅಂದರೆ: "ಐ ಗೆಟ್ ಅಪ್ ಆ್ಯಂಡ್ ವಾಷ್ ಫೇಸ್ ಆ್ಯಂಡ್ ಡ್ರಿಂಕ್ ಟೀ ಆ್ಯಂಡ್ ವೆಂಟ್ ಟು ಸೋಲಾಪುರ್." ಕೊನೆಯದಕ್ಕೆ ಮಾತ್ರ ಭೂತಕಾಲ. ನಡುವೆ ಆ್ಯಂಡ್ ಸಾಲು. ಇಂಗ್ಲಿಷ್‌ನಲ್ಲಿ ಪ್ರತಿಯೊಂದು ಕೆಲಸಕ್ಕೂ ಕಾಲದ ಗುರುತು ಬೇಕು, ಆ್ಯಂಡ್ ಕೊನೆಯದರ ಮುಂಚೆ ಒಂದೇ ಸಲ ಬಂದರೆ ಸಾಕು, ಉಳಿದ ಕಡೆ ಕಾಮಾ: "ಐ ಗಾಟ್ ಅಪ್, ವಾಷ್ಡ್ ಮೈ ಫೇಸ್, ಡ್ರ್ಯಾಂಕ್ ಟೀ ಆ್ಯಂಡ್ ಟುಕ್ ದ ಬಸ್ ಟು ಸೋಲಾಪುರ್." "ಐ"ಯನ್ನು ಪ್ರತಿ ಸಲ ಹೇಳಬೇಕಿಲ್ಲ.

ಇನ್ನೊಂದು ಕಡೆ ಆ್ಯಂಡ್ ಕೈ ಕೊಡುತ್ತದೆ. "ಅಪ್ಪ ಬೀಡಿನೂ ಸೇದಲ್ಲ, ಗುಟ್ಕಾನೂ ತಿನ್ನಲ್ಲ." ಇಂಥ "ನೂ... ನೂ..." ಕಂಡಾಗ ಕೈ ಆ್ಯಂಡ್ ಕಡೆಗೇ ಹೋಗುತ್ತದೆ. ಇಲ್ಲ, ಅಲ್ಲ ಅನ್ನೋ ವಾಕ್ಯದಲ್ಲಿ ಇಂಗ್ಲಿಷ್ ಆರ್ ಕೇಳುತ್ತದೆ: "ಹಿ ಡಸ್ ನಾಟ್ ಸ್ಮೋಕ್ ಬೀಡಿ ಆರ್ ಚ್ಯೂ ಗುಟ್ಕಾ." ಆ್ಯಂಡ್ ಹಾಕಿದರೆ ಎರಡನ್ನೂ ಒಟ್ಟಿಗೆ ಮಾಡಲ್ಲ, ಬಿಡಿಬಿಡಿಯಾಗಿ ಮಾಡಬಹುದು ಅಂತ ಯಾರಾದರೂ ಓದಿಕೊಂಡಾರು. ಆರೋಗ್ಯ ವಿಮೆಯ ಫಾರ್ಮಿನಲ್ಲಿ ಈ ಸಾಲು ಬಂದರೆ ಎರಡು ಸಲ ನೋಡಿಕೊಳ್ಳಿ.

ಕಾಮಾ ಎಲ್ಲಿ, ಫುಲ್‌ಸ್ಟಾಪ್ ಎಲ್ಲಿ

ಇಂಗ್ಲಿಷ್‌ನಲ್ಲಿ ಎರಡು ಪೂರ್ತಿ ವಾಕ್ಯಗಳನ್ನು ಸರಿಸಮನಾಗಿ ಕಟ್ಟೋ ಸಣ್ಣ ಪದಗಳು ಏಳು ಅಂತ ಲೆಕ್ಕ: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲಕ್ಷರ ಕೂಡಿಸಿ ಫ್ಯಾನ್‌ಬಾಯ್ಸ್ ಅಂತ ನೆನಪಿಡೋ ರೂಢಿ ಇದೆ. ದಿನಾ ಬೇಕಾಗೋದು ಆ್ಯಂಡ್, ಬಟ್, ಆರ್, ಸೋ ನಾಲ್ಕೇ. ಇವು ಎರಡು ಪೂರ್ತಿ ವಾಕ್ಯ ಕಟ್ಟುವಾಗ ಕಾಮಾ ಇವುಗಳ ಮುಂಚೆ ಬರುತ್ತದೆ. ಬಟ್ ಅಂತ ಬರೆದು ಅದರ ನಂತರ ಕಾಮಾ ಹಾಕೋದು ನಾನು ದಿನಕ್ಕೆ ನಾಲ್ಕು ಸಲ ಅಳಿಸೋ ತಪ್ಪು. ಮಾತಾಡುವಾಗ "ಆದರೆ..." ಅಂತ ಒಂದು ಕ್ಷಣ ನಿಲ್ಲುತ್ತೇವಲ್ಲ, ಆ ನಿಲುಗಡೆ ಕಾಮಾ ಆಗಿ ಇಳಿದುಬಿಡುತ್ತದೆ.

ಆಲ್ದೋ, ಬಿಕಾಸ್, ಇಫ್, ವೆನ್ ಇವುಗಳದ್ದು ಬೇರೆ ಲೆಕ್ಕ. ಇವು ವಾಕ್ಯದ ಮೊದಲಿಗೇ ಬಂದರೆ ಮೊದಲ ತುಂಡು ಮುಗಿದಲ್ಲಿ ಕಾಮಾ. ನಡುವೆ ಬಂದರೆ ಸಾಮಾನ್ಯವಾಗಿ ಕಾಮಾ ಬೇಡ. ಇವುಗಳ ತುಂಡನ್ನು ಒಂಟಿಯಾಗಿ ಬಿಟ್ಟು ಫುಲ್‌ಸ್ಟಾಪ್ ಇಡಬಾರದು. "ಬಿಕಾಸ್ ದ ಶೆಡ್ ವಾಸ್ ವೆಟ್." ಅಂತ ನಿಲ್ಲಿಸಿದರೆ ಓದುವವರು "ವೆಟ್ ಆಗಿದ್ದರಿಂದ... ಏನಾಯ್ತು?" ಅಂತ ಕಾಯುತ್ತಾ ಕೂರುತ್ತಾರೆ.

ಹೌಎವರ್, ದೇರ್‌ಫೋರ್, ದೆನ್, ಇವನ್ನು ಬಹಳ ಜನ ಬಟ್, ಸೋ, ಆ್ಯಂಡ್‌ಗಳ ಅಣ್ಣಂದಿರು ಅಂದುಕೊಂಡಿದ್ದಾರೆ. ಅರ್ಥ ಹತ್ತಿರ ಇದ್ದರೂ ಅವುಗಳಿಗೆ ಎರಡು ವಾಕ್ಯ ಕಟ್ಟೋ ತಾಕತ್ತಿಲ್ಲ. "ದ ಗ್ರೇಪ್ಸ್ ವರ್ ಸೇವ್ಡ್, ಹೌಎವರ್ ದ ರೇಸಿನ್ಸ್ ಗಾಟ್ ವೆಟ್" ಅಂತ ಬರೀ ಕಾಮಾದಲ್ಲಿ ಕಟ್ಟಬೇಡಿ. ಮೊದಲ ವಾಕ್ಯಕ್ಕೆ ಫುಲ್‌ಸ್ಟಾಪ್ ಇಡಿ. ಹೌಎವರ್‌ನಿಂದ ಹೊಸ ವಾಕ್ಯ ಶುರು ಮಾಡಿ, ಅದರ ನಂತರ ಕಾಮಾ. ಫುಲ್‌ಸ್ಟಾಪ್ ಬದಲು ಸೆಮಿಕೋಲನ್ ಇಟ್ಟರೂ ಸರಿ. ಬಟ್‌ಗೆ ಕಾಮಾ ಮುಂಚೆ, ಹೌಎವರ್‌ಗೆ ಕಾಮಾ ಆಮೇಲೆ. ಇದನ್ನೊಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ.

ಬಿಕಾಸ್, ಬಿಕಾಸ್ ಆಫ್

ಇದಕ್ಕೆ ಇಂಗ್ಲಿಷ್ ನಿಯಮ ಕಲಿಯೋದೇ ಬೇಡ. ಕನ್ನಡವೇ ದಾರಿ ತೋರಿಸುತ್ತದೆ. "ಮಳೆಯಿಂದ ನಷ್ಟ ಆಯ್ತು" ಮತ್ತು "ಮಳೆ ಬಂದಿದ್ದರಿಂದ ನಷ್ಟ ಆಯ್ತು", ಎರಡನ್ನೂ ಬಾಯಲ್ಲಿ ಹೇಳಿ ನೋಡಿ. ಮೊದಲನೆಯದರಲ್ಲಿ "ಇಂದ" ಅಂಟಿರೋದು ಮಳೆ ಅನ್ನೋ ಹೆಸರಿಗೆ. ಎರಡನೆಯದರಲ್ಲಿ ಬಂದ ಅನ್ನೋ ಕ್ರಿಯೆಗೆ. ಹೆಸರಿಗೆ ಅಂಟಿದ್ದರೆ ಬಿಕಾಸ್ ಆಫ್: "ಬಿಕಾಸ್ ಆಫ್ ದ ರೇನ್". ಕ್ರಿಯೆಗೆ ಅಂಟಿದ್ದರೆ ಬರೀ ಬಿಕಾಸ್: "ಬಿಕಾಸ್ ಇಟ್ ರೇನ್ಡ್". "ಬಿಕಾಸ್ ಆಫ್ ಇಟ್ ರೇನ್ಡ್" ಅನ್ನೋದು ಎರಡನ್ನೂ ಕಲಸಿದ್ದು.

ಆಲ್ದೋ ಮತ್ತು ಡಿಸ್ಪೈಟ್ ಕೂಡ ಹೀಗೇ. "ಮಳೆ ಬಂದರೂ ಜಾತ್ರೆ ನಡೀತು" ಅಂದರೆ ಕ್ರಿಯೆ ಇದೆ, ಆದ್ದರಿಂದ "ಆಲ್ದೋ ಇಟ್ ರೇನ್ಡ್". "ಮಳೆಯ ನಡುವೆಯೂ ಜಾತ್ರೆ ನಡೀತು" ಅಂದರೆ ಬರೀ ಹೆಸರು, ಆದ್ದರಿಂದ "ಡಿಸ್ಪೈಟ್ ದ ರೇನ್". ಡಿಸ್ಪೈಟ್ ಮುಂದೆ ಆಫ್ ಬರುವುದಿಲ್ಲ. ಆಫ್ ಬರೋದು ಇನ್ ಸ್ಪೈಟ್ ಆಫ್‌ನಲ್ಲಿ. ಎರಡೂ ಒಂದೇ ಅರ್ಥ ಆಗಿರೋದರಿಂದ ಅದರ ಆಫ್ ಇದಕ್ಕೆ ಬಂದು ಅಂಟಿಕೊಂಡಿದೆ. ಓದಿದವರ ಪತ್ರದಲ್ಲೂ ನೋಡಿದ್ದೇನೆ.

ನಾನು ಮಾಡಿದ ಒಂದು ಅನಾಹುತ

ಅಂಗಡಿ ಹಾಕಿದ ಹೊಸತು. ನಿಂಬೆ ವ್ಯಾಪಾರಿಯೊಬ್ಬರು ಬಂದು, "ತಂಗೀ, ಅಡ್ವಾನ್ಸ್ ಕೊಡಲಿಲ್ಲಂದ್ರ ಮಾಲು ಕಳಿಸೂದಿಲ್ಲ ಅಂತ ಚಂದಾಗಿ ಇಂಗ್ಲಿಷ್‌ನ್ಯಾಗ ಬರಿ" ಅಂದರು. ನಾನು ಜಂಬದಲ್ಲಿ ದೊಡ್ಡ ಪದ ಹಾಕಿದೆ: "ವಿ ವಿಲ್ ನಾಟ್ ಸೆಂಡ್ ದ ಲೋಡ್ ಅನ್‌ಲೆಸ್ ಯು ಡೋಂಟ್ ಪೇ ದ ಅಡ್ವಾನ್ಸ್." ಮೇಲ್ ಹೋಯಿತು. ಮರುದಿನ ಆ ಕಡೆಯವರು ಫೋನ್ ಮಾಡಿ, "ಅಡ್ವಾನ್ಸ್ ಕೊಡದಿದ್ದರೆ ಮಾತ್ರ ಕಳಿಸ್ತೀರಾ? ಭಾಳ ಒಳ್ಳೇದಾಯ್ತು" ಅಂತ ಚೇಷ್ಟೆ ಮಾಡಿದರಂತೆ. ವ್ಯಾಪಾರಿಗಳು ನಗುತ್ತಲೇ ಬಂದು ಹೇಳಿದರು. ನನಗೆ ಮಾತ್ರ ಆವತ್ತು ಊಟ ಸೇರಲಿಲ್ಲ.

ಆದದ್ದು ಇಷ್ಟು. "ಕೊಡದಿದ್ದರೆ" ಅನ್ನೋ ಪದದಲ್ಲಿ "ಇಲ್ಲ" ಅನ್ನೋದೂ ಇದೆ, "-ರೆ"ಯೂ ಇದೆ. ಅನ್‌ಲೆಸ್ ಅವೆರಡನ್ನೂ ಒಟ್ಟಿಗೆ ಹೊತ್ತುಕೊಂಡ ಪದ. ಅದರ ಹೊಟ್ಟೆಯಲ್ಲೇ ನಾಟ್ ಇದೆ. ಮತ್ತೆ ಡೋಂಟ್ ಹಾಕಿದರೆ ಎರಡು ಇಲ್ಲ ಸೇರಿ ಹೌದು ಆಗಿಬಿಡುತ್ತದೆ. "ಅನ್‌ಲೆಸ್ ಯು ಪೇ" ಅನ್ನಿ, ಇಲ್ಲವೇ "ಇಫ್ ಯು ಡೋಂಟ್ ಪೇ" ಅನ್ನಿ. ಅನುಮಾನ ಇದ್ದಾಗ ಎರಡನೆಯದೇ ಕ್ಷೇಮ. ದುಡ್ಡಿನ ಪತ್ರದಲ್ಲಿ ನಾನೀಗ ಅನ್‌ಲೆಸ್ ಬಳಸೋದೇ ಕಡಿಮೆ.

ಅನ್‌ಟಿಲ್ ಇದರ ಪಕ್ಕದ ಮನೆಯವನು. "ಕರೆಂಟ್ ಬರೋತನಕ ಫೋನ್ ಮಾಡೋಕೆ ಆಗಲಿಲ್ಲ." ನಮ್ಮ ಕನ್ನಡದಲ್ಲಿ "ಬರೋತನಕ" ಅಷ್ಟೇ, ಅಲ್ಲಿ "ಇಲ್ಲ" ಇಲ್ಲವೇ ಇಲ್ಲ. ಹಾಗಿದ್ದ ಮೇಲೆ "ಅನ್‌ಟಿಲ್ ಕರೆಂಟ್ ಡಿಡ್ ನಾಟ್ ಕಮ್" ಎಲ್ಲಿಂದ ಬಂತು? ನನ್ನ ಅನುಮಾನ ಹಿಂದಿ, ಮರಾಠಿ ಮೇಲೆ. ಹಿಂದಿಯ "ಜಬ್ ತಕ್ ನಹೀ"ಯಲ್ಲೂ ಮರಾಠಿಯ "ಜೋಪರ್ಯಂತ್ ನಾಹಿ"ಯಲ್ಲೂ ಆ ನಕಾರ ಇದೆ, ಎರಡೂ ಭಾಷೆ ನಮ್ಮ ಸಂತೆಯಲ್ಲೇ ಓಡಾಡುತ್ತವೆ. ಇಲ್ಲಿ ಮಾತ್ರ ಕನ್ನಡವನ್ನೇ ನಂಬಿ: "ವಿ ಕುಡ್ ನಾಟ್ ಕಾಲ್ ಯು ಅನ್‌ಟಿಲ್ ದ ಪವರ್ ಕೇಮ್ ಬ್ಯಾಕ್."

ಇಫ್, ವೆನ್ ಜೊತೆ ವಿಲ್ ಬೇಡ ಅನ್ನೋದಕ್ಕೂ ಕನ್ನಡವೇ ಸಾಕ್ಷಿ. ನಾಳೆಯ ಮಾತನ್ನೂ ನಾವು "ಮಳೆ ಬಂದರೆ" ಅಂತಲೇ ಹೇಳುತ್ತೇವೆ, ಆ ತುಂಡಿಗೆ ಭವಿಷ್ಯತ್ ಹಚ್ಚುವುದಿಲ್ಲ. "ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ಕವರ್ ದ ಶೆಡ್." ವಿಲ್ ಎರಡನೇ ತುಂಡಿಗೆ ಮಾತ್ರ. ಅನ್‌ಟಿಲ್, ಬಿಫೋರ್, ಆಫ್ಟರ್‌ಗೂ ಇದೇ.

"ಅಂತ" ಮಾಡೋ ಅವಾಂತರ

"ಅಪ್ಪ ನಾಳೆ ಬರ್ತೀನಿ ಅಂತ ಅಂದ್ರು." ಇಲ್ಲಿ ಬರುವವರು ಅಪ್ಪ. ಕನ್ನಡದಲ್ಲಿ ಅವರ ಮಾತನ್ನು ಅವರ ಬಾಯಿಂದ ಬಂದಂತೆಯೇ ಇಟ್ಟು, ಕೊನೆಗೆ ಒಂದು "ಅಂತ" ಅಂಟಿಸಿದರೆ ಮುಗೀತು. ಇಂಗ್ಲಿಷ್‌ನ ದ್ಯಾಟ್ ಹಾಗಲ್ಲ. ಒಂದನೆಯದಾಗಿ ಅದು ಮಾತಿನ ಮುಂಚೆ ಬರುತ್ತದೆ. ಎರಡನೆಯದಾಗಿ, ದ್ಯಾಟ್ ಬಂದ ಮೇಲೆ "ಐ" ಅಂದರೆ ಬರೆಯುತ್ತಿರೋ ನಾನು, ಅಪ್ಪ ಅಲ್ಲ.

"ಮೈ ಫಾದರ್ ಸೆಡ್ ದ್ಯಾಟ್ ಐ ವಿಲ್ ನಾಟ್ ಕ್ಲೀನ್ ದ ಶೆಡ್" ಅಂತ ಬರೆದರೆ, ಶೆಡ್ ಸ್ವಚ್ಛ ಮಾಡದೇ ಇರೋನು ಮಗ ಅಂತ ಆಯಿತು. ಮಗ ಸೋಮಾರಿ ಅಂತ ಅಪ್ಪನೇ ದೂರು ಕೊಟ್ಟಂತೆ. ಹುಡುಗನಿಗೆ ಇದನ್ನು ಹೇಳಿದಾಗ ಜೋರಾಗಿ ನಕ್ಕು, "ಅದೂ ಖರೇನ ಐತ್ರಿ" ಅಂದ.

ಮಾಡಬೇಕಾದ್ದು: ಮಾತು ಯಾರದು ಅಂತ ನೋಡಿ, "ನಾನು" ಇದ್ದಲ್ಲಿ ಹಿ ಅಥವಾ ಶಿ ಇಡಿ. ಸೆಡ್ ಇದ್ದರೆ ವಿಲ್ ವುಡ್ ಆಗುತ್ತದೆ: "ಮೈ ಫಾದರ್ ಸೆಡ್ ದ್ಯಾಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ." ಇಷ್ಟು ತಲೆನೋವು ಬೇಡ ಅಂದರೆ ಸೇಸ್ ಅಂತ ವರ್ತಮಾನದಲ್ಲೇ ಬರೆಯಿರಿ, ವಿಲ್ ಹಾಗೇ ಉಳಿಯುತ್ತದೆ.

ದೊಡ್ಡ ಪದಗಳ ಚಪಲ

ಮೋರ್ಓವರ್, ಫರ್ದರ್‌ಮೋರ್, ಹೆನ್ಸ್, ನೆವರ್‌ದಿಲೆಸ್. ಇವನ್ನು ಹಾಕಿದರೆ ಪತ್ರಕ್ಕೆ ತೂಕ ಬರುತ್ತದೆ ಅಂತ ನಂಬಿಕೆ. ಪಿಯುಸಿ ಇಂಗ್ಲಿಷ್ ಪೇಪರಿನ ಲಿಂಕರ್ಸ್ ಪ್ರಶ್ನೆಯಲ್ಲಿ ಪದಗಳನ್ನು ಅವರೇ ಕೊಟ್ಟಿರುತ್ತಾರೆ, ನಾವು ಸರಿಯಾದ ಖಾಲಿ ಜಾಗಕ್ಕೆ ತುಂಬಿದರೆ ಆಯಿತು. ನಾವೇ ಬರೆಯುವಾಗ ಖಾಲಿ ಜಾಗ ಎಲ್ಲಿದೆ ಅನ್ನೋದನ್ನೂ ನಾವೇ ನೋಡಬೇಕು. ಪ್ರತಿ ವಾಕ್ಯಕ್ಕೂ ಕೊಂಡಿ ಬೇಡ. ಒಂದರ ಹಿಂದೆ ಒಂದು ಸರಿಯಾದ ಕ್ರಮದಲ್ಲಿ ಬಂದ ವಾಕ್ಯಗಳು ತಾವೇ ಕೈ ಹಿಡಿದುಕೊಳ್ಳುತ್ತವೆ.

ಗೋಳಗುಮ್ಮಟದ ಬಗ್ಗೆ ನಾಲ್ಕು ಸಂಗತಿ ತಗೊಳ್ಳಿ. ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು. 1656ರಲ್ಲಿ ಮುಗಿಯಿತು. ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್. ಕೆಳಗೆ ನಡುವೆ ಒಂದೂ ಕಂಬ ಇಲ್ಲ, ಒಂದನ್ನೊಂದು ಹಾಯುವ ಎಂಟು ಕಮಾನುಗಳು ಭಾರ ಹೊತ್ತಿವೆ. ಇದನ್ನು ಬರೆಯಿರಿ ಅಂದರೆ ನನ್ನ ಹತ್ತಿರ ಬರೋ ಹುಡುಗರು ನಾಲ್ಕಕ್ಕೂ ಮೋರ್ಓವರ್ ಹಚ್ಚುತ್ತಾರೆ. ಎಲ್ಲಿ ಎದುರುಬದುರು ಇದೆ, ಎಲ್ಲಿ ಕಾರಣ ಇದೆ ಅಂತ ಹುಡುಕಿ. ಅಷ್ಟು ದೊಡ್ಡ ಗುಮ್ಮಟ, ಕಂಬ ಮಾತ್ರ ಇಲ್ಲ: ಇದು ಬಟ್. ಕಂಬ ಯಾಕೆ ಬೇಕಾಗಲಿಲ್ಲ: ಇದು ಬಿಕಾಸ್. ಸಮಾಧಿ, ಇಸವಿ ಎರಡಕ್ಕೂ ಬರೀ ಆ್ಯಂಡ್ ಸಾಕು.

"ಗೋಲ್ ಗುಂಬಜ್ ಈಸ್ ದ ಟೂಂಬ್ ಆಫ್ ಮೊಹಮ್ಮದ್ ಆದಿಲ್ ಶಾಹ್ ಆ್ಯಂಡ್ ವಾಸ್ ಕಂಪ್ಲೀಟೆಡ್ ಇನ್ 1656. ಇಟ್ಸ್ ಡೋಮ್ ಈಸ್ ಅಬೌಟ್ 44 ಮೀಟರ್ಸ್ ವೈಡ್, ಬಟ್ ದೇರ್ ಈಸ್ ನೋ ಪಿಲ್ಲರ್ ಅಂಡರ್ ಇಟ್ ಬಿಕಾಸ್ ಏಟ್ ಕ್ರಾಸಿಂಗ್ ಆರ್ಚಸ್ ಕ್ಯಾರಿ ದ ವೇಟ್."

ಮೂರೇ ಸಣ್ಣ ಪದ. ಮೋರ್ಓವರ್ ಎಲ್ಲೂ ಬೇಕಾಗಲಿಲ್ಲ.

ಇನ್ನು ಆ ಪತ್ರ

ಹುಡುಗನ ಹತ್ತಿರವೇ ಪೆನ್ನು ಕೊಟ್ಟು ಬಾಲ ಹುಡುಕಿಸಿದೆ. "ಬಂದರೂ" ಸಿಕ್ಕಿತು, ಬಟ್ ಹೊಡೆದುಹಾಕಿದ. "ಒಳಗೆ ನೀರು ಹೊಕ್ಕಿದ್ದರಿಂದ" ಸಿಕ್ಕಿತು, ಸೋ ಹೊಡೆದುಹಾಕಿದ. "ಬರೋತನಕ" ಸಿಕ್ಕಾಗ ತಾನೇ ಡಿಡ್ ನಾಟ್ ಮೇಲೆ ಗೀಟು ಎಳೆದ. ಫುಲ್ ಲಾಸ್ ಹ್ಯಾಪನ್ಡ್ ಅಂದರೆ ವಿಮೆಯವರಿಗೆ ಏನೂ ತಿಳಿಯೋದಿಲ್ಲ, ಏನು ಹಾಳಾಯಿತು ಹೇಳು ಅಂದೆ. ದ್ರಾಕ್ಷಿ ಉಳಿದಿದೆ, ಒಣದ್ರಾಕ್ಷಿ ಕಪ್ಪಾಗಿದೆ ಅಂದ. ಅಲ್ಲಿಗೆ ಒಂದು ಹೌಎವರ್ ನ್ಯಾಯವಾಗಿ ಸಿಕ್ಕಿತು.

"ಆಲ್ದೋ ಇಟ್ ರೇನ್ಡ್ ಹೆವಿಲಿ, ವಿ ಕವರ್ಡ್ ದ ವೈನ್ಸ್ ಆ್ಯಂಡ್ ಸೇವ್ಡ್ ದ ಗ್ರೇಪ್ಸ್. ಹೌಎವರ್, ದ ರೇಸಿನ್ಸ್ ಟರ್ನ್ಡ್ ಬ್ಲ್ಯಾಕ್ ಬಿಕಾಸ್ ವಾಟರ್ ಎಂಟರ್ಡ್ ದ ಡ್ರೈಯಿಂಗ್ ಶೆಡ್. ವಿ ಕುಡ್ ನಾಟ್ ಕಾಲ್ ಯುವರ್ ಆಫೀಸ್ ಅನ್‌ಟಿಲ್ ದ ಪವರ್ ಕೇಮ್ ಬ್ಯಾಕ್. ಮೈ ಫಾದರ್ ಸೇಸ್ ದ್ಯಾಟ್ ಹಿ ವಿಲ್ ನಾಟ್ ಕ್ಲೀನ್ ದ ಶೆಡ್ ಬಿಫೋರ್ ಯು ಇನ್‌ಸ್ಪೆಕ್ಟ್ ಇಟ್."

ಹುಡುಗ ಎರಡು ಸಲ ಓದಿದ. "ಇಫ್ ಹಾಕೂದ ಬ್ಯಾಡೇನ್ರಿ? ನೀವು ಬರದಿದ್ರ ಮಾಲು ಕೊಳಿತೈತಿ ಅಂತ?" ಅಂದ. ಹಾಕೋಣ, ನೀನೇ ಹೇಳು ಅಂದೆ. ಸ್ವಲ್ಪ ಹೊತ್ತು ಮೇಲೆ ನೋಡಿ, ಬೆರಳಲ್ಲಿ ಏನೋ ಎಣಿಸಿ, "ಇಫ್ ಯು ಡೋಂಟ್ ಕಮ್ ಸೂನ್, ದ ರೇಸಿನ್ಸ್ ವಿಲ್ ರಾಟ್" ಅಂದ. ಸೂನ್ ತನಕ ಬಂದು ಕಾಮಾ ಒತ್ತಿದೆ, ಉಳಿದದ್ದನ್ನು ಹಾಗೇ ಟೈಪ್ ಮಾಡಿದೆ. ಎರಡು ಪ್ರಿಂಟ್ ತೆಗೆದುಕೊಟ್ಟೆ, ಒಂದು ಆಫೀಸಿಗೆ, ಒಂದು ಅಪ್ಪನ ಫೈಲಿಗೆ.